ರೇಖೆಯ ಅಧಿಕಾರ

ಒಂದು ಯಂತ್ರವನ್ನು ಕಲ್ಪಿಸಿದವನೇ ಅದನ್ನು ತನ್ನ ಕೈಯಾರೆ ಕಟ್ಟಿ ಮುಗಿಸುವನಾದರೆ ಅವನಿಗೆ ನಕ್ಷೆಯ ಅಗತ್ಯ ಬೀಳುವುದು ಅಪರೂಪ. ಅಳತೆ ಅವನ ಕಣ್ಣಿನಲ್ಲಿರುತ್ತದೆ, ತಪ್ಪಿದ್ದನ್ನು ತಿದ್ದುವ ಅಧಿಕಾರವೂ ಅವನದೇ ಆಗಿರುತ್ತದೆ. ಕಲ್ಪಿಸುವವನು ಒಬ್ಬ, ಎರಕ ಹೊಯ್ಯುವವನು ಮತ್ತೊಬ್ಬ, ಕಡೆಯುವವನು ಇನ್ನೊಬ್ಬ, ಜೋಡಿಸುವವನು ಇವರಾರ ಮುಖವನ್ನೂ ಕಾಣದ ಬೇರೊಬ್ಬ ಎಂಬ ಸ್ಥಿತಿ ಒದಗಿದೊಡನೆಯೆ, ವಸ್ತುವಿನ ನಿಜವಾದ ಆಕಾರವು ಎಲ್ಲಿ ನೆಲೆಸಿದೆ, ವಿವಾದ ಹುಟ್ಟಿದಾಗ ಯಾವುದನ್ನು ಪ್ರಮಾಣವೆಂದು ಹಿಡಿದು ತೀರ್ಮಾನ ಹೇಳತಕ್ಕದ್ದು ಎಂಬ ಪ್ರಶ್ನೆ ಏಳುತ್ತದೆ. ಎಂಜಿನಿಯರಿಂಗ್ ವೃತ್ತಿ ಕಾಗದದ ನಕ್ಷೆಯಿಂದ ಕಂಪ್ಯೂಟರಿನ ವಿನ್ಯಾಸಕ್ಕೆ ಸಾಗಿದ ಇತಿಹಾಸವನ್ನು ಸಾಮಾನ್ಯವಾಗಿ ಪೆನ್ಸಿಲು ಹೋಗಿ ಮೌಸು ಬಂದ ಕಥೆಯನ್ನಾಗಿ ಹೇಳುವುದುಂಟು. ಆ ಕಥೆಯಲ್ಲಿ ಸುಳ್ಳೇನೂ ಇಲ್ಲವಾದರೂ, ಪ್ರಮಾಣದ ನೆಲೆ ಎರಡು ಬಾರಿ ಸ್ಥಳಾಂತರ ಹೊಂದಿದುದೂ, ಅದರೊಡನೆ ಒಂದು ಬಗೆಯ ಜನರು ಮುಂದಕ್ಕೆ ಬಂದು ಇನ್ನೊಂದು ಬಗೆಯವರು ಮರೆಗೆ ಸರಿದುದೂ ಅದರಲ್ಲಿ ಕಾಣದೆ ಹೋಗುತ್ತದೆ.

ಯೂರೋಪಿನ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಬಹುಕಾಲ ಈ ಪ್ರಮಾಣವು ಅಕ್ಷರಶಃ ನೆಲದ ಮೇಲೆ ಇದ್ದಿತು. ಕಾರ್ಯಾಗಾರದ ಮೇಲಂತಸ್ತಿನ ವಿಶಾಲವಾದ ಮರದ ನೆಲದ ಮೇಲೆ, ಹಡಗಿನ ಒಡಲಿನ ರೇಖೆಗಳನ್ನು ಅವುಗಳ ಪೂರ್ಣ ಗಾತ್ರದಲ್ಲಿಯೇ ಬರೆಯುತ್ತಿದ್ದರು. ವಕ್ರರೇಖೆ ಬೇಕಾದಾಗ ಸಣ್ಣನೆಯ, ಉದ್ದವಾದ, ಬಳುಕುವ ಮರದ ಪಟ್ಟಿಯೊಂದನ್ನು ಗುರುತಿನ ಬಿಂದುಗಳ ಮೇಲೆ ಹಾಯಿಸಿ, ಅಲ್ಲಲ್ಲಿ ಸೀಸದ ತೂಕದ ಗಟ್ಟಿಗಳಿಂದ ಹಿಡಿದು ನಿಲ್ಲಿಸಿದರೆ, ಆ ಪಟ್ಟಿಯು ತನ್ನ ಸ್ವಭಾವದಿಂದಲೇ ಎಲ್ಲಕ್ಕಿಂತ ಕಡಿಮೆ ಬಿಗುಪಿನ ದಾರಿಯನ್ನು ಹುಡುಕಿಕೊಂಡು ಬಾಗುತ್ತಿದ್ದಿತು. ಅನುಭವಿಯಾದ ಕೆಲಸಗಾರನು ನೆಲದ ಮಟ್ಟಕ್ಕೆ ತಲೆ ತಗ್ಗಿಸಿ, ಒಂದು ಕಣ್ಣು ಮುಚ್ಚಿ, ಪಟ್ಟಿಯ ಉದ್ದಕ್ಕೂ ದೃಷ್ಟಿ ಹಾಯಿಸಿ, ಎಲ್ಲಿಯಾದರೂ ಉಬ್ಬು ತಗ್ಗು ಕಂಡರೆ ಒಂದು ಗಟ್ಟಿಯನ್ನು ಕೂದಲೆಳೆಯಷ್ಟು ಸರಿಸುವನು. ಅವನು ಒಪ್ಪಿದ ರೇಖೆಯೇ ಹಡಗಿನ ರೇಖೆ. ಅದರ ಮೇಲೆ ಅಚ್ಚನ್ನಿಟ್ಟು ಮರವನ್ನು ಕೊಯ್ಯುವುದಷ್ಟೇ ಉಳಿದ ಕಾರ್ಯ. ವಿಮಾನಗಳ ಯುಗ ಬಂದಾಗಲೂ ಈ ಪದ್ಧತಿ ಅಳಿಯಲಿಲ್ಲ. ರೆಕ್ಕೆಯ ಮತ್ತು ಒಡಲಿನ ಬಾಗುಗಳನ್ನು ಬಣ್ಣ ಬಳಿದ ಲೋಹದ ಹಾಳೆಗಳ ಮೇಲೆ ಪೂರ್ಣ ಗಾತ್ರದಲ್ಲಿ ಬರೆಯುವ ರೂಢಿ 20ನೆಯ ಶತಮಾನದ ಮಧ್ಯಭಾಗದ ಆಚೆಗೂ ನಡೆದು ಬಂದಿತು.

ಕಾಗದಕ್ಕೆ ಅಧಿಕಾರ ತಂದುಕೊಟ್ಟವರಲ್ಲಿ ಮೊದಲು ಹೆಸರಿಸತಕ್ಕವನು ಗಾಸ್ಪಾರ್ ಮೊಂಜ್. 1760ರ ದಶಕದಲ್ಲಿ ಫ್ರಾನ್ಸಿನ ಮೆಜಿಯೇರ್ ನಗರದ ಸೈನಿಕ ಎಂಜಿನಿಯರಿಂಗ್ ಶಾಲೆಗೆ ನಕ್ಷೆಗಾರನಾಗಿ ಬಂದ ಈ ತರುಣನು, ಶತ್ರುವಿನ ಫಿರಂಗಿಗೆ ಗುರಿ ಸಿಕ್ಕದಂತೆ ಕೋಟೆಯ ಗೋಡೆಗಳನ್ನು ಯಾವ ಎತ್ತರಕ್ಕೆ ಏರಿಸಬೇಕೆಂಬ ಸಮಸ್ಯೆಯನ್ನು, ಅಂದಿನ ವಾಡಿಕೆಯ ದೀರ್ಘ ಗಣನೆಗಳಿಲ್ಲದೆ, ಬರಿಯ ರೇಖಾಗಣಿತದಿಂದ ಬಿಡಿಸಿ ತಂದನು. ಇಷ್ಟು ಶೀಘ್ರವಾಗಿ ಮುಗಿಯತಕ್ಕ ಕೆಲಸವೇ ಅದಲ್ಲವೆಂದು ಮೇಲಧಿಕಾರಿಯು ಮೊದಲು ಅದನ್ನು ಪರಿಶೀಲಿಸಲೂ ಒಪ್ಪಲಿಲ್ಲವೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಪರಸ್ಪರ ಲಂಬವಾಗಿರುವ ಎರಡು ಸಮತಲಗಳ ಮೇಲೆ ಒಂದು ಘನವಸ್ತುವಿನ ಛಾಯೆಯನ್ನು ಬೀಳಿಸಿ, ಮೇಲಿನಿಂದ ಕಂಡ ರೂಪವನ್ನೂ ಮುಂದಿನಿಂದ ಕಂಡ ರೂಪವನ್ನೂ ಒಂದೇ ಹಾಳೆಯ ಮೇಲೆ ಬಿಡಿಸಿಟ್ಟರೆ, ಆ ವಸ್ತುವಿನ ಯಾವುದೇ ಬಿಂದುವಿನ ಸ್ಥಾನವನ್ನು ಸಂಶಯಕ್ಕೆಡೆಯಿಲ್ಲದಂತೆ ಮರಳಿ ಪಡೆಯಬಹುದೆಂಬುದು ಅವನ ವಿಧಾನದ ಸಾರ. ಸೈನ್ಯವು ಇದನ್ನು ಹಲವು ವರ್ಷಗಳ ಕಾಲ ರಹಸ್ಯವಾಗಿ ಇರಿಸಿದ್ದಿತು. ಮಹಾಕ್ರಾಂತಿಯ ತರುವಾಯ, 1795ರಲ್ಲಿ, ಮೊಂಜನು ಅದನ್ನು ಬಹಿರಂಗವಾಗಿ ಬೋಧಿಸಿದನು. 1799ರಲ್ಲಿ ಅದು ಪುಸ್ತಕವಾಯಿತು. ನಮ್ಮ ಕಾಲೇಜುಗಳಲ್ಲಿ ಪ್ರಥಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಹೆದರಿಸುತ್ತ ಬಂದಿರುವ ಪ್ಲಾನು, ಎಲಿವೇಷನ್ನು, ಶಂಕುವಿನ ಛೇದ, ಪಟ್ಟಕದ ಪ್ರಕ್ಷೇಪ ಇವೆಲ್ಲವೂ ಅಂದು ಸೇನೆಯ ಬೀಗಮುದ್ರೆಯಲ್ಲಿದ್ದ ವಿದ್ಯೆ.

19ನೆಯ ಶತಮಾನದಲ್ಲಿ ಈ ವಿದ್ಯೆಗೆ ಒಂದು ಮನೆ ದೊರೆಯಿತು. ಅದೇ ಡ್ರಾಯಿಂಗ್ ಆಫೀಸು. ಉತ್ತರದ ಬೆಳಕು ಬೀಳುವ ಉದ್ದನೆಯ ಕೋಣೆ, ಸಾಲುಸಾಲಾಗಿ ಓರೆಯಾಗಿ ನಿಂತ ಹಲಗೆಗಳು, ಅವುಗಳ ಮುಂದೆ ತೋಳು ಮಡಿಸಿದ ಶರಟಿನವರು. ಮೇಲೆ ವಿನ್ಯಾಸಕ, ಅವನ ಕೆಳಗೆ ಡ್ರಾಫ್ಟ್ಸ್‌ಮನ್, ಅವನ ಕೆಳಗೆ ಟ್ರೇಸರ್, ಇವರೆಲ್ಲರಿಗೂ ಭಯಹುಟ್ಟಿಸುವ ಚೆಕರ್. ಡ್ರಾಫ್ಟ್ಸ್‌ಮನ್ನನು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದುದನ್ನು ಟ್ರೇಸರ್ ಆದವನು ಅರೆಪಾರದರ್ಶಕವಾದ ಬಟ್ಟೆಯ ಮೇಲೆ ಮಸಿಯಲ್ಲಿ ತೆಗೆಯಬೇಕು. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಆ ಶತಮಾನದ ಕೊನೆಯ ಭಾಗದಿಂದ ಈ ಕಾರ್ಯ ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಂದಿತು. ಪ್ರಸಿದ್ಧವಾದ ಎಷ್ಟೋ ಹಡಗುಗಳ, ಎಂಜಿನುಗಳ ನಕ್ಷೆಗಳ ಅಂತಿಮ ರೇಖೆಗಳನ್ನು ಎಳೆದ ಆ ಕೈಗಳ ಹೆಸರು ನಕ್ಷೆಯ ಮೂಲೆಯ ಚೌಕದಲ್ಲಿ ಎರಡು ಅಕ್ಷರಗಳಾಗಿ ಉಳಿದುದೇ ಹೆಚ್ಚು.

ಆ ಕೆಲಸದ ಸೂಕ್ಷ್ಮವನ್ನು ಸ್ವಲ್ಪ ನಿಂತು ನೋಡುವುದು ಉಚಿತ. ಟ್ರೇಸಿಂಗ್ ಬಟ್ಟೆಯೆಂಬುದು ಗಂಜಿ ಹಾಕಿ ಹೊಳಪು ಕೊಟ್ಟ ನಯವಾದ ನೂಲಿನ ವಸ್ತ್ರ. ಮಸಿ ಹಿಡಿಯಬೇಕಾದರೆ ಮೊದಲು ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ತಿಕ್ಕಿ ಒರೆಸಬೇಕು. ಒಂದು ಹನಿ ನೀರು, ಬೇಸಗೆಯಲ್ಲಾದರೆ ಮುಂಗೈಯ ಬೆವರು ಬಿದ್ದರೂ ಗಂಜಿ ಕರಗಿ ಆ ಜಾಗ ಕೆಟ್ಟುಹೋಗುತ್ತದೆ. ಲೇಖನಿಗೆ ಎರಡು ಉಕ್ಕಿನ ಎಲೆಗಳು. ಅವುಗಳ ನಡುವಣ ಅಂತರವನ್ನು ಒಂದು ಸಣ್ಣ ತಿರುಪಿನಿಂದ ಹೊಂದಿಸಿ, ಆ ಸಂದಿಗೆ ಮಸಿಯ ಹನಿಯನ್ನು ಬಿಟ್ಟು, ಹೊರರೇಖೆಗೆ ಒಂದು ದಪ್ಪ, ಮಧ್ಯರೇಖೆಗೆ ಒಂದು, ಅಳತೆಯ ರೇಖೆಗೆ ಇನ್ನೂ ಸಣ್ಣದೊಂದು ಎಂದು ಬದಲಾಯಿಸುತ್ತ ಹೋಗಬೇಕು. ವೃತ್ತಗಳನ್ನೂ ಚಾಪಗಳನ್ನೂ ಮೊದಲು ಎಳೆದು ಸರಳರೇಖೆಗಳನ್ನು ಆಮೇಲೆ ಎಳೆಯಬೇಕೆಂಬುದು ಕಟ್ಟಳೆ. ಚಾಪಕ್ಕೆ ಸರಳರೇಖೆಯನ್ನು ಕೂಡಿಸುವುದು ಸುಲಭ, ಸರಳರೇಖೆಗೆ ಚಾಪವನ್ನು ಕೂಡಿಸುವುದು ದುಸ್ತರ. ತಪ್ಪಿದರೆ ಕ್ಷೌರದ ಅಲಗಿನಿಂದ ಮಸಿಯನ್ನು ಮೆಲ್ಲನೆ ಕೆರೆದು, ಆ ಜಾಗವನ್ನು ಉಗುರಿನಿಂದಲೋ ದಂತದ ತುಂಡಿನಿಂದಲೋ ಉಜ್ಜಿ ನಯಮಾಡಿ, ಮತ್ತೆ ಬರೆಯಬೇಕು. ಒಂದೇ ಸ್ಥಳವನ್ನು ಬಹಳ ಸಲ ಕೆರೆದರೆ ಬಟ್ಟೆ ತೂತಾಗುತ್ತದೆ. ಆದುದರಿಂದ ತಪ್ಪಿಗೆ ಬೆಲೆ ಇದ್ದಿತು, ಬೆಲೆಯಿದ್ದುದರಿಂದ ರೇಖೆಯನ್ನು ಎಳೆಯುವ ಮುನ್ನ ಆಲೋಚಿಸುವ ಅಭ್ಯಾಸವೂ ಇದ್ದಿತು.

ಹೀಗೆ ಸಿದ್ಧವಾದ ಮೂಲಪ್ರತಿಯನ್ನು ಕಾರ್ಯಾಗಾರಕ್ಕೆ ಕಳುಹಿಸುವಂತಿಲ್ಲ. ಅದರ ಪ್ರತಿಗಳನ್ನು ತೆಗೆಯುವ ಉಪಾಯ ಜಾನ್ ಹರ್ಷೆಲ್ ಎಂಬ ಖಗೋಳಜ್ಞನು 1842ರಲ್ಲಿ ಕಂಡುಹಿಡಿದ ರಾಸಾಯನಿಕ ಕ್ರಿಯೆಯಿಂದ ಒದಗಿತು. ಕಬ್ಬಿಣದ ಎರಡು ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಟ್ರೇಸಿಂಗನ್ನಿಟ್ಟು ಗಾಜಿನ ಚೌಕಟ್ಟಿನಲ್ಲಿ ಬಿಸಿಲಿಗೆ ಒಡ್ಡಿ, ಅನಂತರ ನೀರಿನಲ್ಲಿ ತೊಳೆದರೆ, ಬೆಳಕು ತಾಕಿದ ಭಾಗವೆಲ್ಲ ಕಡುನೀಲಿಯಾಗಿ, ರೇಖೆಯ ನೆರಳಿನಲ್ಲಿದ್ದ ಭಾಗ ಬೆಳ್ಳಗೆ ಉಳಿಯುತ್ತದೆ. ಇದೇ ಬ್ಲೂಪ್ರಿಂಟು. ನೀರಿನಲ್ಲಿ ನೆನೆದ ಕಾಗದ ಒಣಗುವಾಗ ಕುಗ್ಗುವುದು ಅನಿವಾರ್ಯವಷ್ಟೆ. ಆ ಕಾರಣದಿಂದ ನಕ್ಷೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ಅಳೆಯಕೂಡದು, ಬರೆದಿರುವ ಅಂಕಿಯನ್ನೇ ನಂಬತಕ್ಕದ್ದು ಎಂಬ ಎಚ್ಚರಿಕೆಯನ್ನು ನಕ್ಷೆಯ ಅಂಚಿನಲ್ಲಿ ಬರೆಯುವುದು ವಾಡಿಕೆಯಾಯಿತು. ಇದು ಸಣ್ಣ ಸಂಗತಿಯೆಂದು ತೋರಿದರೂ ಸಣ್ಣದಲ್ಲ. ಹಡಗಿನ ಕಾರ್ಖಾನೆಯ ನೆಲದ ಮೇಲೆ ರೇಖೆಯೇ ಪ್ರಮಾಣವಾಗಿದ್ದಿತು. ಕಾಗದದ ಮೇಲೆ ರೇಖೆಯು ಸೂಚನೆಯಾಗಿ, ಅದರ ಪಕ್ಕದ ಅಂಕಿ ಪ್ರಮಾಣವಾಯಿತು. ಚೆಕರನು ಬಣ್ಣದ ಪೆನ್ಸಿಲು ಹಿಡಿದು ಒಂದೊಂದು ಅಂಕಿಯನ್ನೂ ಕೂಡಿ ಕಳೆದು ಗುರುತು ಹಾಕುತ್ತಿದ್ದುದು ಇದೇ ಕಾರಣದಿಂದ.

ಭಾರತಕ್ಕೆ ಈ ವಿದ್ಯೆ ಸರ್ವೆಯ ಮತ್ತು ನೀರಾವರಿಯ ದಾರಿಯಿಂದ ಬಂದಿತು. 1794ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸರ್ವೆ ಶಾಲೆಯು ಮುಂದೆ ಗಿಂಡಿಯ ಕಾಲೇಜಾಗಿ ಬೆಳೆಯಿತು. 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ತೆರೆಯಿತು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ಸಹಕಾರದಿಂದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಹೂಡಿದ ಮೇಲೆ ಬೆಂಗಳೂರು ಡ್ರಾಯಿಂಗ್ ಆಫೀಸುಗಳ ಊರಾಗುತ್ತ ಬಂದಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಹಾರಿತು. 1956ರಲ್ಲಿ ಜರ್ಮನಿಯ ವಿಖ್ಯಾತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಎಚ್‌ಎಫ್-24 ಮಾರುತ್ ಎಂಬ ಯುದ್ಧವಿಮಾನದ ಕಾರ್ಯವನ್ನು ಕೈಗೊಂಡನು. ಕಾಗದದ ಮೇಲಣ ಆಕಾರವು ಗಾಳಿಯಲ್ಲಿ ಹೇಗೆ ನಡೆದುಕೊಂಡೀತೆಂಬುದನ್ನು ಲೆಕ್ಕದಿಂದಷ್ಟೇ ತಿಳಿಯುವಂತಿರಲಿಲ್ಲವಾಗಿ, ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, ಡಕೋಟ ವಿಮಾನದಿಂದ ಎಳೆಯಿಸಿ ಮೇಲಕ್ಕೇರಿಸಿ 1959ರಲ್ಲಿ ಪರೀಕ್ಷಿಸಿದರು. ಮಾರುತ್ ತಾನೇ ಹಾರಿದುದು 1961ರ ಜೂನ್ 17ರಂದು.

ಆ ದಿನಗಳ ಹಲಗೆಯ ಶಿಕ್ಷಣ ಎಂಥದಿದ್ದಿತೆಂಬುದಕ್ಕೆ ಎ. ಪಿ. ಜೆ. ಅಬ್ದುಲ್ ಕಲಾಮರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಒಂದು ಪ್ರಸಂಗ ಸಾಕ್ಷಿ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅವರೂ ಸಹಪಾಠಿಗಳೂ ಕೂಡಿ ಒಂದು ದಾಳಿವಿಮಾನವನ್ನು ವಿನ್ಯಾಸ ಮಾಡುತ್ತಿದ್ದಾಗ, ಪ್ರಾಧ್ಯಾಪಕ ಶ್ರೀನಿವಾಸನ್ನರು ಕೆಲಸದ ಪ್ರಗತಿಯನ್ನು ನೋಡಿ ಅತೃಪ್ತರಾಗಿ, ಮೂರು ದಿನಗಳೊಳಗೆ ನಕ್ಷೆ ಮುಗಿಯದಿದ್ದರೆ ವಿದ್ಯಾರ್ಥಿವೇತನ ನಿಲ್ಲುವುದೆಂದರು. ಆ ವೇತನವೇ ಅವರ ಜೀವನಾಧಾರ. ಊಟ ಬಿಟ್ಟು, ರಾತ್ರಿಯೆಲ್ಲ ಹಲಗೆಯ ಮುಂದೆಯೇ ಇದ್ದು ಅವರು ಕೆಲಸ ಮಾಡಿದರು. ಭಾನುವಾರ, ನಕ್ಷೆ ಮುಗಿಯುವ ಹಂತಕ್ಕೆ ಬಂದಾಗ, ಟೆನಿಸ್ ಉಡುಪಿನಲ್ಲಿಯೇ ಬಂದ ಗುರುಗಳು ಹಿಂದೆ ನಿಂತು ನೋಡುತ್ತಿದ್ದುದು ಅವರಿಗೆ ಅರಿವಾಯಿತು. ಗುರುವು ಶಿಷ್ಯನ ಹೆಗಲ ಮೇಲಿಂದ ನೋಡಿದೊಡನೆ ಕೆಲಸದ ಸ್ಥಿತಿಯೆಲ್ಲ ಕಾಣುವಂತೆ ಇದ್ದುದು ಕಾಗದದ ಒಂದು ದೊಡ್ಡ ಗುಣ. ನಕ್ಷೆಯ ಹಾಳೆಗೆ ಗೋಪ್ಯವಿಲ್ಲ. ಹಾದುಹೋಗುವವನೂ ನಿಂತು, ಇಲ್ಲಿ ಸ್ಪ್ಯಾನರ್ ತಿರುಗಲು ಜಾಗವೆಲ್ಲಿ ಎಂದು ಕೇಳಬಹುದಾಗಿದ್ದಿತು. ಮದ್ರಾಸಿನಿಂದ ಕಲಾಮರು ತರಬೇತಿಗೆಂದು ಬಂದುದು ಬೆಂಗಳೂರಿನ ಅದೇ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ, ಅಂದರೆ ಎಚ್‌ಎಎಲ್‌ಗೆ.

ಈ ಮಧ್ಯೆ ಮರದ ಪಟ್ಟಿಯ ಬಾಗನ್ನು ಗಣಿತಕ್ಕೆ ಇಳಿಸುವ ಪ್ರಯತ್ನ ಬೇರೆ ಕಡೆ ನಡೆದಿದ್ದಿತು. ನಾರ್ತ್ ಅಮೆರಿಕನ್ ವಿಮಾನ ಸಂಸ್ಥೆಯ ರಾಯ್ ಲೈಮಿಂಗ್ ಎಂಬಾತನು ಮಸ್ಟಾಂಗ್ ಯುದ್ಧವಿಮಾನದ ಒಡಲನ್ನು ಶಂಕುಚ್ಛೇದಗಳ ಸಮೀಕರಣಗಳಿಂದ ನಿರೂಪಿಸಿ, ಆ ಕ್ರಮವನ್ನು 1944ರಲ್ಲಿ ಪುಸ್ತಕವಾಗಿ ಹೊರತಂದನು. ನಕ್ಷೆಯನ್ನು ನಕಲು ಮಾಡುವಾಗ ರೇಖೆ ತಪ್ಪಬಹುದು, ಸಮೀಕರಣದ ಅಂಕಿಗಳು ತಪ್ಪಲಾರವು. 1959ರಲ್ಲಿ ಸಿತ್ರೊಯೆನ್ ಕಾರಿನ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೊ ಎಂಬ ಗಣಿತಜ್ಞನು, ಕೆಲವೇ ಬಿಂದುಗಳನ್ನು ಕೊಟ್ಟರೆ ನಯವಾದ ವಕ್ರರೇಖೆಯನ್ನು ಪಡೆಯುವ ವಿಧಾನವನ್ನು ಕಂಡುಕೊಂಡನು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯೇರ್ ಬೆಜಿಯೇ ಅಂಥದೇ ವಿಧಾನವನ್ನು ಸ್ವತಂತ್ರವಾಗಿ ರೂಪಿಸಿ ಪ್ರಕಟಿಸಿದ್ದರಿಂದ ಜಗತ್ತು ಆ ರೇಖೆಗಳನ್ನು ಬೆಜಿಯೇನ ಹೆಸರಿನಿಂದಲೇ ಕರೆಯುತ್ತದೆ. ಮೊಂಜನ ವಿದ್ಯೆಯನ್ನೂ ಹೀಗೆಯೇ ಗುಟ್ಟಾಗಿಟ್ಟಿದ್ದುದನ್ನು ನೆನೆದರೆ, ಆಕಾರವನ್ನು ನಿರ್ಣಯಿಸುವ ವಿಧಾನವನ್ನು ಸೇನೆಯಾಗಲಿ ವ್ಯಾಪಾರಿಯಾಗಲಿ ಎಷ್ಟು ಅಮೂಲ್ಯವೆಂದು ಎಣಿಸುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ.

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ತರುಣನು ಡಾಕ್ಟರೇಟ್ ಪದವಿಗಾಗಿ ಸಿದ್ಧಪಡಿಸಿದ ಸ್ಕೆಚ್‌ಪ್ಯಾಡ್ ಈ ಗಣಿತಕ್ಕೆ ಕಣ್ಣನ್ನು ತಂದುಕೊಟ್ಟಿತು. ಟಿಎಕ್ಸ್-2 ಎಂಬ ದೊಡ್ಡ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಒರಟಾಗಿ ಗೆರೆಗಳನ್ನು ಎಳೆದು, ಇವೆರಡೂ ಸಮಾಂತರವಾಗಿರಲಿ, ಇವು ಸಮನಾಗಿರಲಿ ಎಂದು ಆಜ್ಞಾಪಿಸಿದರೆ ಯಂತ್ರವೇ ಚಿತ್ರವನ್ನು ತಿದ್ದಿಕೊಳ್ಳುತ್ತಿದ್ದಿತು. ಮೂಲಚಿತ್ರವೊಂದನ್ನು ಬದಲಾಯಿಸಿದರೆ ಅದರ ನಕಲುಗಳೆಲ್ಲ ತಾವಾಗಿ ಬದಲಾಗುತ್ತಿದ್ದುವು. ಕಾಗದವು ಎಂದೂ ಮಾಡಲಾರದ ಕಾರ್ಯ ಇದು. ಆದರೆ ಇಂಥ ಯಂತ್ರದ ಬೆಲೆ ಅಂದು ವಿಮಾನ ಮತ್ತು ಕಾರಿನ ಮಹಾಸಂಸ್ಥೆಗಳಿಗೆ ಮಾತ್ರ ನಿಲುಕುವಂಥದು. ಫ್ರಾನ್ಸಿನ ದಸೋ ವಿಮಾನ ಸಂಸ್ಥೆ ತನ್ನ ಸ್ವಂತ ಉಪಯೋಗಕ್ಕೆಂದು 1977ರಲ್ಲಿ ತೊಡಗಿದ ಕಾರ್ಯಕ್ರಮವು 1981ರಲ್ಲಿ ಕಾಟಿಯಾ ಎಂಬ ಹೆಸರನ್ನು ಪಡೆದು ಮಾರುಕಟ್ಟೆಯ ದಾರಿ ಹಿಡಿಯಿತು. 1982ರಲ್ಲಿ ಆಟೋಕ್ಯಾಡ್ ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರಿಗೂ ನಕ್ಷೆಯ ವಿದ್ಯೆಯನ್ನು ಕಲಿಸಿತು. ಇವೆರಡರ ಭೇದ ಮುಖ್ಯವಾದುದು. ಆಟೋಕ್ಯಾಡನ್ನು ಆರಂಭದಲ್ಲಿ ಜನ ಉಪಯೋಗಿಸಿದುದು ವಿದ್ಯುತ್ತಿನ ಡ್ರಾಯಿಂಗ್ ಹಲಗೆಯೆಂದೇ: ಅದೇ ಪ್ಲಾನು, ಅದೇ ಎಲಿವೇಷನ್ನು, ಕೆರೆಯುವ ಅಲಗಿನ ಬದಲು ಒಂದು ಗುಂಡಿ. ಕಾಟಿಯಾದಂಥವುಗಳಲ್ಲಿ ವಸ್ತುವು ಮೂರು ಆಯಾಮಗಳಲ್ಲಿ, ತನ್ನ ನಿಜವಾದ ಗಾತ್ರದಲ್ಲಿ, ಒಮ್ಮೆ ಮಾತ್ರ ನಿರ್ಮಿತವಾಗುತ್ತದೆ. ನಕ್ಷೆಗಳು ಅದರಿಂದ ಹುಟ್ಟುವ ನೆರಳುಗಳು. ಹಡಗಿನ ಕಾರ್ಖಾನೆಯ ನೆಲದ ಮೇಲಿದ್ದ ಪೂರ್ಣ ಗಾತ್ರದ ರೇಖೆ, ಕಾಗದದ ಯುಗದಲ್ಲಿ ಅಂಕಿಗೆ ಬಿಟ್ಟುಕೊಟ್ಟಿದ್ದ ಅಧಿಕಾರವನ್ನು ಹೀಗೆ ಮರಳಿ ಪಡೆಯಿತು.

ಅದರ ಪರಿಣಾಮ ಎಂಥದೆಂಬುದನ್ನು 1994ರ ಜೂನ್ 12ರಂದು ಹಾರಿದ ಬೋಯಿಂಗ್ 777 ತೋರಿಸಿತು. ಸುಮಾರು 30 ಲಕ್ಷ ಬಿಡಿಭಾಗಗಳ ಆ ವಿಮಾನಕ್ಕೆ, ಅದುವರೆಗಿನ ರೂಢಿಯಂತೆ ಪೂರ್ಣ ಗಾತ್ರದ ಮಾದರಿಯನ್ನು ಮೊದಲು ಕಟ್ಟಿ ಕೊಳವೆಗಳೂ ತಂತಿಗಳೂ ಒಂದಕ್ಕೊಂದು ತಾಗುತ್ತವೆಯೇ ಎಂದು ನೋಡುವ ಕ್ರಮವನ್ನು ಬಿಟ್ಟು, ಆ ಪರೀಕ್ಷೆಯನ್ನು ಕಂಪ್ಯೂಟರಿನೊಳಗೇ ನಡೆಸಿದರು. ಆದರೆ ನಮಗೆ ಹತ್ತಿರದ, ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಬೋಧಪ್ರದವಾದ ಉದಾಹರಣೆ ಬೆಂಗಳೂರಿನ ತೇಜಸ್ ಯುದ್ಧವಿಮಾನ. 1984ರಲ್ಲಿ ಸ್ಥಾಪಿತವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯು ಈ ಕಾರ್ಯವನ್ನು ಕೈಗೊಂಡಾಗ ಆರಂಭದ ನಿರೂಪಣೆಗೆ ಸಲಹೆಗಾರರಾಗಿ ನೆರವಾದವರು ಅದೇ ದಸೋ ಸಂಸ್ಥೆಯವರು. ಈ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡ 45ರಷ್ಟು ಇಂಗಾಲದ ನಾರಿನ ಸಂಯುಕ್ತ ವಸ್ತು. ಲೋಹದ ತುಂಡಾದರೆ ಅದಕ್ಕೊಂದು ಹೊರರೂಪ, ನಾಲ್ಕು ಅಳತೆ ಸಾಕು. ಸಂಯುಕ್ತ ವಸ್ತುವಾದರೆ ಪದರದ ಮೇಲೆ ಪದರ, ಪ್ರತಿಯೊಂದು ಪದರದ ನಾರಿಗೂ ಒಂದೊಂದು ದಿಕ್ಕು. ಒಂದು ನೇರ, ಒಂದು ಅಡ್ಡ, ಒಂದು 45 ಡಿಗ್ರಿ ಓರೆ. ಎಲ್ಲಿ ಬಲ ಹೆಚ್ಚು ಬೀಳುವುದೋ ಅಲ್ಲಿ ಪದರಗಳು ಹೆಚ್ಚು, ಉಳಿದೆಡೆ ಅವು ಒಂದೊಂದಾಗಿ ಕೊನೆಗೊಳ್ಳಬೇಕು. ಜೊತೆಗೆ, ಚಪ್ಪಟೆಯಾದ ಆ ಹಾಳೆಯನ್ನು ಎರಡು ದಿಕ್ಕಿನಲ್ಲೂ ಬಾಗಿದ ಮೈಮೇಲೆ ಹೊದಿಸಿದಾಗ, ದೇವರ ಉತ್ಸವಮೂರ್ತಿಗೆ ಪೀತಾಂಬರ ಉಡಿಸುವಾಗ ಆಗುವಂತೆ, ಅಲ್ಲಲ್ಲಿ ನೆರಿಗೆ ಬೀಳುತ್ತದೆ. ನೆರಿಗೆ ಬಿದ್ದ ನಾರು ಬಲ ಕಳೆದುಕೊಳ್ಳುತ್ತದೆ. ಯಾವ ಪದರವನ್ನು ಯಾವ ಆಕಾರದಲ್ಲಿ ಕತ್ತರಿಸಿದರೆ ನೆರಿಗೆಯಿಲ್ಲದೆ ಕೂತೀತೆಂಬುದನ್ನು ಮೂರು ನೋಟಗಳ ನಕ್ಷೆಯಿಂದ ಹೇಳಲು ಸಾಧ್ಯವಿಲ್ಲ. ಇದಕ್ಕಾಗಿ ಏಜೆನ್ಸಿಯವರು ಆಟೋಲೇ ಎಂಬ ಸಾಫ್ಟ್‌ವೇರನ್ನು ತಾವೇ ರಚಿಸಿದರು. ಮುಂದೆ ಏರ್‌ಬಸ್ ಸಂಸ್ಥೆಯು ತನ್ನ ಎ380 ವಿಮಾನಕ್ಕಾಗಿ ಅದರ ಪರವಾನಗಿಯನ್ನು ಪಡೆಯಿತು. ತೇಜಸ್ 2001ರ ಜನವರಿ 4ರಂದು ಹಾರಿತು. ಮಾರುತ್ ಮತ್ತು ತೇಜಸ್ ಎರಡೂ ಬೆಂಗಳೂರಿನ ಆಕಾಶದಲ್ಲಿ ಮೊದಲು ಮೇಲೆದ್ದುವು. ಅವೆರಡರ ನಡುವಣ ನಾಲ್ಕು ದಶಕಗಳಲ್ಲಿ ಹಲಗೆಯ ಯುಗವೊಂದು ಮುಗಿದಿದ್ದಿತು.

ಮುಗಿದುದರ ಜೊತೆಗೆ ಹೋದವರೂ ಉಂಟು. ಟ್ರೇಸರ್ ಎಂಬ ಹುದ್ದೆಯೇ ಅಳಿಯಿತು. ನೀಲಿಯ ಬ್ಲೂಪ್ರಿಂಟಿನ ತರುವಾಯ ಬಂದ ಅಮೋನಿಯ ಪ್ರಿಂಟಿನ ಅಂಗಡಿಗಳು, ಬಾಗಿಲಿಗೆ ಬರುವ ಮುನ್ನವೇ ಮೂಗಿಗೆ ತಿಳಿಯುತ್ತಿದ್ದಂಥವು, ಒಂದೊಂದಾಗಿ ಜೆರಾಕ್ಸಿಗೂ ಪ್ಲಾಟರಿಗೂ ಎಡೆಗೊಟ್ಟುವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಡ್ರಾಯಿಂಗು ಕಂಪ್ಯೂಟರಿನ ಮೇಲೆ ನಡೆಯುವಂತಾಯಿತು. ಟಿ-ಸ್ಕ್ವೇರನ್ನೂ ಉರುಟಿದ ಹಾಳೆಗಳ ಡಬ್ಬಿಯನ್ನೂ ಬಸ್ಸಿನ ನೂಕುನುಗ್ಗಲಿನಲ್ಲಿ ಕಾಪಾಡಿಕೊಂಡು ಹೋಗುತ್ತಿದ್ದ ವಿದ್ಯಾರ್ಥಿಗಳು ಈಗ ವಿರಳ. ಇದರಲ್ಲಿ ಎಷ್ಟೋ ಭಾಗ ಬರಿಯ ಶ್ರಮವಾಗಿದ್ದಿತು. ಅದು ಹೋದುದಕ್ಕೆ ನಾನು ಶೋಕಿಸಲಾರೆ. ಒಂದು ರಿವೆಟ್ಟಿನ ಸಾಲನ್ನು ಸ್ಥಳಾಂತರಿಸಿದ್ದಕ್ಕಾಗಿ ಹತ್ತು ಹಾಳೆಗಳನ್ನು ಮರಳಿ ಬರೆಯುವುದರಲ್ಲಿ ಯಾವ ಘನತೆಯೂ ಇಲ್ಲ. ಆದರೆ ಟ್ರೇಸ್ ಮಾಡುತ್ತ ಮಾಡುತ್ತ ಹುಡುಗನು ಯಂತ್ರವನ್ನು ಕಲಿಯುತ್ತಿದ್ದುದು ನಿಜ. ಸಾವಿರ ಬೇರಿಂಗುಗಳ ರೇಖೆಯನ್ನು ತಿದ್ದಿದ ಕೈಗೆ ಸಾವಿರದೊಂದನೆಯದು ತಪ್ಪಾಗಿರುವುದು ಲೆಕ್ಕಕ್ಕೆ ಮುನ್ನವೇ ಹೊಳೆಯುತ್ತಿದ್ದುದೂ ನಿಜ. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ವಿಭಾಗದ ಪ್ರಮಾಣಪತ್ರ ಪಡೆದು ಬಂದವನು ಕ್ರಮವಾಗಿ ವಿನ್ಯಾಸಕನ ಪೀಠಕ್ಕೆ ಏರಬಹುದಾಗಿದ್ದ ಆ ಏಣಿಯ ಕೆಳಗಿನ ಮೆಟ್ಟಿಲುಗಳು ಕಳಚಿಹೋಗಿವೆ. ಅವುಗಳ ಸ್ಥಾನದಲ್ಲಿ ಬೇರೆ ಮೆಟ್ಟಿಲುಗಳನ್ನು ಕಟ್ಟುವ ಹೊಣೆಯನ್ನು ನಮ್ಮ ಕಾರ್ಖಾನೆಗಳು ಸಾಕಷ್ಟು ಗಂಭೀರವಾಗಿ ವಹಿಸಿಕೊಂಡಿಲ್ಲವೆಂಬುದು ನನ್ನ ಕೊರಗು.

ಗಣಿತರೂಪಕ್ಕೆ ಅಧಿಕಾರ ಬಂದ ಮೇಲೆ ಅದರದೇ ಆದ ವಿಪತ್ತುಗಳೂ ಬಂದುವು. ಎ380 ವಿಮಾನದ ಒಂದೊಂದರಲ್ಲಿಯೂ 500 ಕಿಲೋಮೀಟರಿಗೆ ಮಿಗಿಲಾದ ತಂತಿಯಿದೆ. ಹ್ಯಾಂಬರ್ಗಿನ ವಿನ್ಯಾಸಕರು ಕಾಟಿಯಾದ ನಾಲ್ಕನೆಯ ಆವೃತ್ತಿಯನ್ನೂ ತುಲೂಸಿನವರು ಐದನೆಯದನ್ನೂ ಬಳಸುತ್ತಿದ್ದರು. ಎರಡರ ನಡುವೆ ತಿದ್ದುಪಡಿಗಳು ಸರಿಯಾಗಿ ಸಾಗಲಿಲ್ಲ. ಜರ್ಮನಿಯಲ್ಲಿ ಸಿದ್ಧವಾದ ತಂತಿಯ ಕಟ್ಟುಗಳನ್ನು ಫ್ರಾನ್ಸಿನಲ್ಲಿ ಒಡಲಿನೊಳಗೆ ಹಾಯಿಸಿದಾಗ ಅವು ಸಾಲದೆ ಬಂದುವು. 2006ರಲ್ಲಿ ಏರ್‌ಬಸ್ ಸಂಸ್ಥೆಯು ವಿಮಾನಗಳ ವಿತರಣೆಯನ್ನು ಮುಂದೂಡಿ ಭಾರಿ ನಷ್ಟವನ್ನು ಅನುಭವಿಸಬೇಕಾಯಿತು. ಕಾಲಾಂತರದ ವಿಷಯವಂತೂ ಇನ್ನೂ ಕಠಿನ. ಬೋಲ್ಟನ್ ಮತ್ತು ವಾಟ್ ಕಂಪನಿಯ ಉಗಿಯಂತ್ರಗಳ ಸಾವಿರಾರು ನಕ್ಷೆಗಳು ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯದಲ್ಲಿವೆ. ಇನ್ನೂರು ವರ್ಷಗಳ ಮೇಲೂ ಅವುಗಳನ್ನು ಓದಲು ಕಣ್ಣೊಂದಿದ್ದರೆ ಸಾಕು. ವಿಮಾನವೊಂದು ಐವತ್ತು ವರ್ಷ ಹಾರಬಹುದು, ಅದನ್ನು ರೂಪಿಸಿದ ಸಾಫ್ಟ್‌ವೇರು ಅಷ್ಟು ಕಾಲ ಬಾಳುವುದು ಅಪರೂಪ. ಈ ಕಾರಣದಿಂದಲೇ, ಯಾವ ಕಂಪನಿಗೂ ಸೇರದ ಸಾಮಾನ್ಯ ರೂಪದಲ್ಲಿ ಆಕಾರಗಳನ್ನು ಕಾಪಾಡಲು 1994ರಿಂದ ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾನಕವು ಪ್ರಕಟವಾಗುತ್ತ ಬಂದಿದೆ. ಆವೃತ್ತಿ ಬದಲಾದಾಗಲೆಲ್ಲ ಹಳೆಯ ರೂಪವನ್ನೂ ಹೊಸದನ್ನೂ ಎದುರುಬದುರಿಗಿಟ್ಟು, ಒಂದು ಮೈ ಎಲ್ಲಿಯಾದರೂ ಜರುಗಿದೆಯೇ, ಒಂದು ಅಂಚು ಎಲ್ಲಿಯಾದರೂ ಬಿಚ್ಚಿದೆಯೇ ಎಂದು ಪರಿಶೀಲಿಸಬೇಕಾಗುತ್ತದೆ. ಮೊದಲ ಶೋಧನೆಯನ್ನು ಯಂತ್ರ ಮಾಡಿಕೊಟ್ಟರೂ ಕಡೆಯ ರುಜು ಇಂದಿಗೂ ಮನುಷ್ಯನದು. ಡ್ರಾಯಿಂಗ್ ಆಫೀಸಿನ ಚೆಕರನ ಉದ್ಯೋಗ ಅಲ್ಲಿ ಬೇರೆ ಹೆಸರಿನಿಂದ ನಡೆದೇ ಇದೆ.